ಬೈದರೆ ಊರು ನಮ್ಮದು

ಉಕ್ಕಿನ ಊರು ಬಿಟ್ಟು ಇನ್ನೊಂದು ಉಕ್ಕಿನ ಊರಿಗೇ ಹೋಗುವುದಾದರೆ ವಿಮಾನಕ್ಕೆ ಅಷ್ಟು ದುಡ್ಡು ಯಾಕೆ ಸುರಿಯಬೇಕು? ನಮ್ಮತ್ತೆಯವರ ಈ ಪ್ರಶ್ನೆಗೆ ನಮ್ಮವರ ಬಳಿ ಉತ್ತರ ಇರಲಿಲ್ಲ. ಸಂಡೂರು ತಾಲ್ಲೂಕಿನ ನಮ್ಮ ವಡ್ಡು ಇರುವುದು ತೋರಣಗಲ್ಲಿನ ಮಗ್ಗುಲಲ್ಲಿ. ಅದಿರಿನ ಲಾರಿಗಳ ದಯೆಯಿಂದ, ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಯೊಳಗೆ ಸನ್ಯಾಸ ತೊಗೊಂಡಿರುತ್ತದೆ. ನಮ್ಮವರಿಗೆ ಕೆಲಸ ಸಿಕ್ಕಿದ್ದು ಜರ್ಮನಿಯ ಡ್ಯೂಸ್‌ಬರ್ಗಿನಲ್ಲಿ. ಅದೂ ತಲೆತಲಾಂತರದಿಂದ ಉಕ್ಕು ಕಾಸಿದ ಊರೇ. "ಇಲ್ಲಿ ತುಂಗಭದ್ರಾ, ಅಲ್ಲಿ ರೈನು. ಇಲ್ಲಿ ಧೂಳು, ಅಲ್ಲಿ ಥಂಡಿ. ಇಷ್ಟಕ್ಕ ಯಾಕಪ್ಪಾ ಅಷ್ಟು ದೂರ?" ಎಂದು ಬೈಯುತ್ತಲೇ ಅತ್ತೆ ಕಡಕ್ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ ಕಟ್ಟಿಕೊಟ್ಟರು. ರೊಟ್ಟಿ ಮಾತ್ರ ಜರ್ಮನಿ ತಲುಪುವಷ್ಟರಲ್ಲಿ ನುಚ್ಚಾಗಿತ್ತು.

ಅಲ್ಲಿ ನಮ್ಮನ್ನು ಮೊದಲು ಹೆದರಿಸಿದ್ದು ಚಳಿಯಲ್ಲ, ಭಾಷೆಯೂ ಅಲ್ಲ, ಸದ್ದಿಲ್ಲದಿರುವುದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಗದ್ದಲ ಕೂಡದು. ಭಾನುವಾರವಂತೂ ಇಡೀ ದಿನ ಮೌನವ್ರತ. ಅಂಗಡಿ ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಗಾಜಿನ ಬಾಟಲಿಯನ್ನು ಬೀದಿಯ ಡಬ್ಬಿಗೆ ಹಾಕುವಂತಿಲ್ಲ. ಠಣ್ ಎಂದರೆ ಯಾರದೋ ವಿಶ್ರಾಂತಿ ಕೆಡುತ್ತದೆ. ಸೋಮವಾರದ ದೋಸೆಗೆ ಭಾನುವಾರ ಹಿಟ್ಟು ರುಬ್ಬಬೇಕಾದ ನಾನು ಮಿಕ್ಸಿಗೆ ಕಂಬಳಿ ಸುತ್ತಿ, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಕಳ್ಳಬಟ್ಟಿ ಇಳಿಸುವವರ ಗತ್ತಿನಲ್ಲಿ ರುಬ್ಬಿದೆ. ಲಾರಿ ಸದ್ದಿನ ಜೋಗುಳದಲ್ಲೇ ಬೆಳೆದ ಮಗ ನಿದ್ದೆ ಬಾರದೆ ಹೊರಳಾಡುತ್ತಿದ್ದ. ಕೊನೆಗೆ ನಮ್ಮವರು ಯೂಟ್ಯೂಬಿನಲ್ಲಿ ಲಾರಿ ಓಡುವ ವಿಡಿಯೊ ಹುಡುಕಿ ಹಚ್ಚಿದರು. ಐದು ನಿಮಿಷದಲ್ಲಿ ಅಪ್ಪ ಮಗ ಇಬ್ಬರದೂ ಗೊರಕೆ.

ಹೊಸ ಮನೆಗೆ ಹೋದ ಎರಡು ವಾರದೊಳಗೆ ಅಲ್ಲಿನ ಕಚೇರಿಯಲ್ಲಿ ವಿಳಾಸ ಬರೆಸಬೇಕೆಂಬುದು ಜರ್ಮನಿಯ ಕಾಯ್ದೆ. ಫೋನಿನಲ್ಲಿ ಇದನ್ನು ಕೇಳಿ ಅತ್ತೆ ನಕ್ಕರು. "ಎರಡು ವಾರ ಯಾಕ ಬೇಕು? ನಮ್ಮೂರಾಗ ಬಸ್ಸಿಳಿದು ಮನಿ ಮುಟ್ಟೋದ್ರೊಳಗ ಯಾರು, ಯಾರ ಮಗ, ಎಷ್ಟು ದಿನ ಇರ್ತಾನ, ಎಲ್ಲಾ ಬರಕೊಂಡಿರ್ತಾರ."

ಆ ಕಚೇರಿಯಲ್ಲೇ ಇನ್ನೊಂದು ಪವಾಡ ನಡೆಯಿತು. ಅಡ್ಡಹೆಸರಿಲ್ಲದ ನಮ್ಮಂಥವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗಕ್ಕೆ ಅಪ್ಪನ ಹೆಸರು ಕೂಡಿಸಿರುತ್ತಾರೆ. ಜರ್ಮನಿಯ ಫ್ಲ್ಯಾಟುಗಳಿಗೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ. ಕರೆಗಂಟೆಯ ಪಕ್ಕದ ಸರ್‌ನೇಮ್ ನೋಡಿಯೇ ಅಂಚೆ ಹಾಕುತ್ತಾರೆ. ಹೀಗಾಗಿ, ಬದುಕಿದ್ದಾಗ ಗುಂತಕಲ್ಲು ದಾಟದಿದ್ದ ನಮ್ಮ ಮಾವನವರು, ತೀರಿಕೊಂಡ ಮೇಲೆ ಡ್ಯೂಸ್‌ಬರ್ಗಿನಲ್ಲಿ ಮನೆ ಯಜಮಾನರಾದರು. ಕರೆಂಟ್ ಬಿಲ್ಲು ಅವರ ಹೆಸರಿಗೆ, ಟೀವಿ-ರೇಡಿಯೊ ಶುಲ್ಕದ ಪತ್ರ ಅವರ ಹೆಸರಿಗೆ.

ಮೂರು ತಿಂಗಳ ವೀಸಾದಲ್ಲಿ ಅತ್ತೆ ಬಂದಾಗ ಮೊಮ್ಮಗ ಕರೆಗಂಟೆ ತೋರಿಸಿ, "ಅಜ್ಜಿ, ತಾತನ ಹೆಸರು!" ಎಂದ. ಅಂದಿನಿಂದ ಆ ಬಾಗಿಲು ದಾಟುವಾಗೆಲ್ಲ ಅತ್ತೆ ತಲೆ ಮೇಲೆ ಸೆರಗು. ಕೆಳಗಿನ ಮನೆಯ ಮುದುಕಿ ಮರ್ಯಾದೆಯವಳು. ಕಂಡಾಗಲೆಲ್ಲ ಫ್ರಾವ್ ಅಂದು, ಮುಂದೆ ಮಾವನವರ ಹೆಸರು ಸೇರಿಸಿ ಗಟ್ಟಿಯಾಗಿ ನಮಸ್ಕಾರ ಹೇಳುತ್ತಿದ್ದಳು. "ನಲವತ್ತು ವರ್ಷ ನಾನು ಬಾಯಿಬಿಟ್ಟು ಅನ್ನದ ಹೆಸರನ್ನ ಈಕಿ ಹೊತ್ತಾರೆ ಸಂಜಿ ಕೂಗ್ತಾಳಲ್ಲವ್ವಾ!" ಎಂದು ಅತ್ತೆಯ ಗೋಳು. ಸೊಸೆಯಾದ ನಾನೂ ಆ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಅತ್ತೆ ಪತ್ರಿಕೆ ಬಿಡದೆ ಓದುತ್ತಾರೆ.

ಜರ್ಮನಿಯಲ್ಲಿ ಅತ್ತೆಗೆ ತಕ್ಷಣ ಒಗ್ಗಿದ್ದು ಒಂದೇ, ಬಾಟಲಿ ಲೆಕ್ಕ. ಪ್ಲಾಸ್ಟಿಕ್ ಬಾಟಲಿ ವಾಪಸ್ ಕೊಟ್ಟರೆ ಅಂಗಡಿಯ ಯಂತ್ರ 25 ಸೆಂಟ್ ಕೊಡುತ್ತದೆ. ಅದು ಇಪ್ಪತ್ತು ರೂಪಾಯಿಗೂ ಮೇಲು ಎಂದು ತಿಳಿದ ದಿನದಿಂದ ಅವರ ವಾಕಿಂಗ್ ಎರಡು ಪಟ್ಟಾಯಿತು. ಎಂಜಿನಿಯರ್ ಮಗ ಹತ್ತು ಹೆಜ್ಜೆ ಮುಂದೆ ಮುಖ ಮರೆಸಿಕೊಂಡು, ತಾಯಿ ಚೀಲ ಹಿಡಿದು ಹಿಂದೆ. ಅದೇ ದುಡ್ಡಿನಲ್ಲಿ ಕೊತ್ತಂಬರಿ ತಂದಾಗ ಮಾತ್ರ ಮಗನಿಗೆ ಸಾರು ರುಚಿಯಾಗಿತ್ತು.

ಒಂದು ದಿನ ಅವರನ್ನು ಊರಿನ ಪ್ರಸಿದ್ಧ ಪಾರ್ಕಿಗೆ ಕರೆದೊಯ್ದೆವು. ಅದು ನಿಜಕ್ಕೂ 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆ. ಕೆಡವದೆ ಹಾಗೇ ಉಳಿಸಿ, 1994ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಊದುಕುಲುಮೆಯ ಮೇಲೆ ಸುಮಾರು 70 ಮೀಟರ್ ಎತ್ತರಕ್ಕೆ ಹತ್ತಿ ಊರು ನೋಡಬಹುದು. ಅದಿರು ತುಂಬುತ್ತಿದ್ದ ಕಣಜಗಳ ಗೋಡೆಗಳನ್ನು ಹುಡುಗರು ಹಗ್ಗ ಕಟ್ಟಿಕೊಂಡು ಏರುತ್ತಾರೆ. ಗ್ಯಾಸಿನ ದೊಡ್ಡ ಟ್ಯಾಂಕಿಗೆ ನೀರು ತುಂಬಿ ಮುಳುಗು ಕಲಿಸುತ್ತಾರೆ. ಅದೇ 1994ರಲ್ಲಿ ನಮ್ಮ ತೋರಣಗಲ್ಲಿಗಾಗಿ ಜಿಂದಾಲ್ ವಿಜಯನಗರ ಸ್ಟೀಲ್ ಕಂಪನಿ ಹುಟ್ಟಿತು. ಅದಕ್ಕೂ ಮೊದಲು, 1971ರಲ್ಲಿ, ಸರ್ಕಾರಿ ಕಾರ್ಖಾನೆಗೆಂದು ಇಂದಿರಾ ಗಾಂಧಿ ಅಡಿಗಲ್ಲು ಹಾಕಿದಾಗ ಅತ್ತೆ ಲಂಗದ ಹುಡುಗಿಯಾಗಿ ಚಕ್ಕಡಿಯಲ್ಲಿ ಹೋಗಿ ನೋಡಿ ಬಂದವರು. ಕಲ್ಲು ನೋಡಿದವರಿಗೆ ಹೊಗೆ ಕಾಣಲು ಇಪ್ಪತ್ತು ವರ್ಷ ದಾಟಿತು. ಈಗ ತುಕ್ಕು ಹಿಡಿದ ಕುಲುಮೆಯ ಬುಡದಲ್ಲಿ ಗಿಡ ಬೆಳೆದದ್ದು ಕಂಡು, "ನಾವು ಹೊಲ ಕೊಟ್ಟು ಫ್ಯಾಕ್ಟ್ರಿ ಮಾಡಿದ್ವಿ, ಇವರು ಫ್ಯಾಕ್ಟ್ರಿ ಬಿಟ್ಟು ಹೊಲ ಮಾಡ್ಯಾರ. ಯಾರು ಶಾಣ್ಯಾರು?" ಎಂದರು. ಎಂಜಿನಿಯರ್ ಮಗ ಐಸ್‌ಕ್ರೀಮ್ ತರಲು ಹೋದರು.

ನಮಗೆ ಜರ್ಮನಿ ನಿಜವಾಗಿ ಒಗ್ಗಿದ್ದು ರೈಲ್ವೆ ಪ್ಲಾಟ್‌ಫಾರಂ ಮೇಲೆ. ಹಾಮ್ ಊರಿನಲ್ಲಿ ಶ್ರೀಲಂಕಾದ ತಮಿಳರು ಕಟ್ಟಿದ ಕಾಮಾಕ್ಷಿ ಗುಡಿ ಇದೆ. 2002ರಲ್ಲಿ ಕುಂಭಾಭಿಷೇಕವಾದ, ಗೋಪುರವಿರುವ ದೊಡ್ಡ ಗುಡಿ. ಅಲ್ಲಿಗೆಂದು ಹೊರಟರೆ ರೈಲು ಹತ್ತು ನಿಮಿಷ ತಡ, ಆಮೇಲೆ ಇಪ್ಪತ್ತು, ಆಮೇಲೆ ನಲವತ್ತು. ಜರ್ಮನಿ ಅಂದರೆ ಗಡಿಯಾರ ಎಂದು ನಂಬಿದ್ದ ಅತ್ತೆ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಶುರುಮಾಡಿದರು. "ಥೂ ಇವರ, ನಮ್ಮ ಹಂಪಿ ಎಕ್ಸ್‌ಪ್ರೆಸ್ಸೇ ಪಾಡು!" ಪಕ್ಕದ ಜರ್ಮನ್ ಹೆಂಗಸು ಫಲಕಕ್ಕೆ ಬೆರಳು ತೋರಿಸಿ ತನ್ನ ಭಾಷೆಯಲ್ಲಿ ಶುರುಮಾಡಿದಳು. ಅಷ್ಟು ತಿಂಗಳಲ್ಲಿ ಗುರುತಿಲ್ಲದ ಜರ್ಮನ್ನರೊಬ್ಬರು ನಮ್ಮೊಡನೆ ತಾವಾಗಿ ಅಷ್ಟು ಮಾತಾಡಿದ್ದು ಅದೇ ಮೊದಲು. ನಾನು ದುಡ್ಡು ಕೊಟ್ಟು ಕಲಿತ ಜರ್ಮನ್ನಿನಲ್ಲಿ ಬರೀ ದಯವಿಟ್ಟು, ಧನ್ಯವಾದ, ಕ್ಷಮಿಸಿ. ಬೈಗುಳದ ಪಾಠ ಯಾರೂ ಮಾಡಿರಲಿಲ್ಲ. ರೈಲು ಬರುವಷ್ಟರಲ್ಲಿ ಅವರಿಬ್ಬರೂ ರೈಲ್ವೆಯನ್ನು ಮುಗಿಸಿ, ಅಂದಾಜಿನ ಮೇಲೆ ಹೇಳುವುದಾದರೆ, ಸೊಸೆಯಂದಿರ ವಿಷಯಕ್ಕೆ ಬಂದಿದ್ದರು.

ಅತ್ತೆ ಈಗ ವಡ್ಡಿನಲ್ಲಿದ್ದಾರೆ. ಜರ್ಮನಿಯ ರೈಲು, ಉಪ್ಪಿಲ್ಲದ ಊಟ, ಸತ್ತಂಥ ಭಾನುವಾರ ಎಲ್ಲವನ್ನೂ ಓಣಿ ತುಂಬ ಬೈದುಕೊಂಡು ತಿರುಗುತ್ತಾರಂತೆ. ಆದರೆ ಮೊನ್ನೆ ಪಕ್ಕದ ಮನೆಯವನು, "ಏನಬೇ, ನಿಮ್ಮ ಜರ್ಮನಿಯಾಗ ರೈಲು ಬರೋದೇ ಇಲ್ಲಂತಲ್ಲ?" ಎಂದು ಕಿಚಾಯಿಸಿದ್ದಕ್ಕೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರಂತೆ: "ಬರ್ತೈತೆ, ತಡ ಆಗ್ತೈತೆ. ನಿಮ್ಮಪ್ಪಂದೇನು ಗಂಟು ಹೋತು?"