ನದಿ ಉಳಿಸಿ, ಸಂಬಳ ಕೇಳಬೇಡಿ

ಸೊರಬ ತಾಲ್ಲೂಕಿನ ಜಡೆ ಊರಿನ ಹುಡುಗ ಹುಡುಗಿಯರ ಮೊಬೈಲಿಗೆ ಈಗೀಗ ಒಂದು ಬಗೆಯ ಪೋಸ್ಟರ್ ಬರುತ್ತಿದೆ. ಹಿಂದೆ ನೀಲಿ ನೀಲಿ ನದಿ. ಮುಂದೆ ದಪ್ಪ ಅಕ್ಷರ: ‘ನದಿ ಸಂರಕ್ಷಣೆಯಲ್ಲಿ ವೃತ್ತಿ ಆರಂಭಿಸಿ’. ಕೆಳಗೆ ಸಣ್ಣಕ್ಷರ: ಗೌರವಧನ ಇರುವುದಿಲ್ಲ. ಇನ್ನೂ ಸಣ್ಣಕ್ಷರ: ಊಟ, ವಸತಿ, ಪ್ರಯಾಣ ನಿಮ್ಮದೇ. ಕಟ್ಟಕಡೆಗೆ: ನೋಂದಣಿ ಶುಲ್ಕ ಪ್ರತ್ಯೇಕ.

ದುಡಿಮೆ ನಿಮ್ಮದು, ಖರ್ಚೂ ನಿಮ್ಮದು, ಫೋಟೊ ಮಾತ್ರ ಅವರದು.

ಇದನ್ನು ಸ್ವಯಂಸೇವೆ ಎನ್ನಿ, ತಕರಾರಿಲ್ಲ. ವೃತ್ತಿ ಎಂದು ಯಾವ ಬಾಯಲ್ಲಿ ಹೇಳುತ್ತೀರಿ?

ಈ ಸೀಮೆಯಲ್ಲಿ ನದಿಗೇನೂ ಬರಗಾಲವಿಲ್ಲ. ಸೊರಬದಲ್ಲಿ ದಂಡಾವತಿ, ಶಿಕಾರಿಪುರದಲ್ಲಿ ಕುಮುದ್ವತಿ. ಜಡೆ ಸುತ್ತಿನ ಹಳ್ಳಗಳ ನೀರೆಲ್ಲ ಕೊನೆಗೆ ವರದೆಗೆ. ವರದೆ ಗಳಗನಾಥದಲ್ಲಿ ತುಂಗಭದ್ರೆಗೆ. ನದಿಯಿಂದ ಹೊಟ್ಟೆ ಹೊರೆಯುವವರೂ ಬೇಕಾದಷ್ಟಿದ್ದಾರೆ. ಮರಳು ತುಂಬುವವನಿಗೆ ಲೋಡಿಗಿಷ್ಟು ಅಂತ ಕೂಲಿ ಇದೆ. ಶುಂಠಿ ತೊಳೆದು ರಾಡಿ ನೀರನ್ನು ಹಳ್ಳಕ್ಕೆ ಬಿಡುವ ಕಣದಲ್ಲಿ ದಿನಗೂಲಿ ಇದೆ. ಹೊಳೆ ದಂಡೆಗೆ ಕಸ ಸುರಿಯುವ ಟ್ರ್ಯಾಕ್ಟರ್ ಓಡಿಸುವವನಿಗೂ ತಿಂಗಳಾದರೆ ಸಂಬಳ. ನದಿ ಕೆಡಿಸುವ ಒಂದೊಂದು ಕೆಲಸಕ್ಕೂ ರೇಟು ಫಿಕ್ಸ್ ಆಗಿದೆ. ಉಳಿಸುವ ಕೆಲಸಕ್ಕೆ ಮಾತ್ರ ಸರ್ಟಿಫಿಕೇಟು.

ಭಕ್ತಿಗೂ ಕೊರತೆಯಿಲ್ಲ. ಕುಮುದ್ವತಿಯ ಅಂಜನಾಪುರ ಜಲಾಶಯ ತುಂಬಿದರೆ ಬಾಗಿನ. ಮೊರ, ಸೀರೆ, ಬಳೆ, ಅರಿಶಿನ ಕುಂಕುಮ, ಇವಿಷ್ಟನ್ನೂ ಸುತ್ತಿದ ಪ್ಲಾಸ್ಟಿಕ್ ಹಾಳೆ. ಬಾಗಿನಕ್ಕೆ ಕೈ ತಾಗಿಸಲು ಮುಖಂಡರ ನೂಕುನುಗ್ಗಲು. ಅದೇ ಕುಮುದ್ವತಿಯ ನೀರನ್ನು ತಿಂಗಳಿಗೊಮ್ಮೆ ಪರೀಕ್ಷೆ ಮಾಡಲು ಒಬ್ಬ ಹುಡುಗಿಯನ್ನು ಸಂಬಳಕ್ಕೆ ಇಡಿ ಎಂದರೆ ಅನುದಾನವಿಲ್ಲ.

ನೀರಿನ ಪರೀಕ್ಷೆ ಎಂದರೆ ದಂಡೆಯಲ್ಲಿ ನಿಂತು ಸೆಲ್ಫಿ ತೆಗೆಯುವುದಲ್ಲ. ಗಾಜಿನ ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ನೀರು ಹಿಡಿಯಬೇಕು. 27 ಡಿಗ್ರಿ ಶಾಖದಲ್ಲಿ 3 ದಿನ ಇಡಬೇಕು. ಒಳಗಿನ ಆಮ್ಲಜನಕ ಎಷ್ಟು ಇಳಿಯಿತೆಂದು ಅಳೆಯಬೇಕು. ಲೀಟರಿಗೆ 3 ಮಿಲಿಗ್ರಾಂ ಮೀರಿ ಇಳಿದರೆ ನದಿ ಕೆಟ್ಟಿದೆ ಎಂದು ಲೆಕ್ಕ. ಬಾಟಲಿಯೊಳಗೆ ಒಂದು ಗುಳ್ಳೆ ಸಿಕ್ಕಿಕೊಂಡರೂ ಆ ಲೆಕ್ಕ ಸುಳ್ಳು. ಕೈ ಪಳಗಲು ತರಬೇತಿ ಬೇಕು. ಪಳಗಿದ ಕೈಗೆ ಕೆಲಸ ಬೇಕು.

ಈ ಅಳತೆಯ ಮೇಲೆಯೇ 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ ನದಿಗಳು ಕೆಟ್ಟಿರುವ 351 ಕಡೆಗಳನ್ನು ಪಟ್ಟಿ ಮಾಡಿತು. ಕರ್ನಾಟಕದ್ದು 17. ತುಂಗೆ, ಭದ್ರೆ, ತುಂಗಭದ್ರೆ ಮೂವರೂ ಅದರಲ್ಲಿದ್ದಾರೆ. ದಂಡಾವತಿ, ಕುಮುದ್ವತಿಯರ ಹೆಸರಿಲ್ಲ. ಹಿಗ್ಗಬೇಡಿ. ಪಟ್ಟಿಗೆ ಸೇರಬೇಕಾದರೂ ಮೊದಲು ಯಾರಾದರೂ ಬಾಟಲಿ ಹಿಡಿದುಕೊಂಡು ಹೊಳೆಗೆ ಇಳಿಯಬೇಕು.

ಇಳಿಯಬೇಕಾದವರ ಕುರ್ಚಿಗಳು ಖಾಲಿ. ದೇಶದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹುದ್ದೆ ಭರ್ತಿಯಾಗಿಲ್ಲ ಎಂಬ ಲೆಕ್ಕ 2024ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆಯೇ ಬಂದಿದೆ. ಅದೇ ವರ್ಷ ಸಂಸತ್ತು 1974ರ ಜಲ ಮಾಲಿನ್ಯ ಕಾಯ್ದೆಗೆ ತಿದ್ದುಪಡಿ ತಂದಿತು. ಹಲವು ತಪ್ಪುಗಳಿಗೆ ಇದ್ದ ಜೈಲು ಹೋಯಿತು, 10 ಸಾವಿರದಿಂದ 15 ಲಕ್ಷದವರೆಗಿನ ದಂಡ ಬಂತು. ಕೆಡಿಸಿದವನಿಗೆ ರಿಯಾಯಿತಿ. ಕಾಯಬೇಕಾದವನಿಗೆ ನೇಮಕದ ಆರ್ಡರೇ ಇಲ್ಲ.

ಓದಿದವರಿಲ್ಲವೇ? ಇದ್ದಾರಲ್ಲ. 1991ರಲ್ಲೇ ಸುಪ್ರೀಂ ಕೋರ್ಟ್ ಪರಿಸರ ಪಾಠ ಕಡ್ಡಾಯ ಎಂದಿತು. ಪದವಿ ಓದುವ ಪ್ರತಿಯೊಬ್ಬರೂ ಆ ಪೇಪರ್ ಬರೆದು, ಪಾಸಾಗಿ, ಮರೆತಿದ್ದಾರೆ. ಮರೆಯದವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನದ ಎಂಎಸ್ಸಿ ಇದೆ. ಓದಿ ಊರಿಗೆ ಬಂದ ಮಗಳನ್ನು ಅಪ್ಪ ಕೇಳುತ್ತಾನೆ: ‘ಹೊಳೆ ನೋಡ್ಕೊಳ್ಳಕ್ಕೆ ಯಾರವ್ವಾ ಸಂಬಳ ಕೊಡ್ತಾರೆ?’ ಅವಳ ಹತ್ತಿರ ಉತ್ತರವಿಲ್ಲ. ಸರ್ಕಾರದ ಹತ್ತಿರವೂ ಇಲ್ಲ. ಕೊನೆಗೆ ಅವಳು ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಸೇರುತ್ತಾಳೆ. ಅವಳ ಜೊತೆ ಓದಿದವನು ಕೀಟನಾಶಕ ಮಾರುವ ಅಂಗಡಿಯಲ್ಲಿ ಬಿಲ್ ಬರೆಯುತ್ತಾನೆ. ಅವನು ಮಾರಿದ ಔಷಧಿಯೇ ಮಳೆಗಾಲದಲ್ಲಿ ತೊಳೆದುಕೊಂಡು ಹೊಳೆಗೆ ಬರುತ್ತದೆ. ಪದವಿ ಹೇಗೋ ನದಿ ಮುಟ್ಟಿತು!

ಈಗ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯ ಕಥೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲೇ ಚಾಲನೆ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500, ಹೆಚ್ಚೆಂದರೆ 2 ವರ್ಷ. ಕೊಡಲಿ, ಬೇಡವೆಂದವರಾರು? ಆದರೆ ನಿಯಮ ಓದಿ. ಶಿಶಿಕ್ಷು (ಅಪ್ರೆಂಟಿಸ್) ವೇತನ ಪಡೆಯುವವರಿಗೆ ಯುವನಿಧಿ ಇಲ್ಲ. ಸುಮ್ಮನೆ ಕೂತರೆ ದುಡ್ಡು, ಕಲಿಯಲು ಹೊರಟರೆ ಕತ್ತರಿ.

ದೆಹಲಿಯದು ಇನ್ನೊಂದು ಚೆಂದ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಂತು. ಆಗ ತಿಂಗಳಿಗೆ 5000 ರೂಪಾಯಿ, ದೇಶದ 500 ದೊಡ್ಡ ಕಂಪನಿಗಳಲ್ಲಿ ತರಬೇತಿ. ದಂಡಾವತಿ ಕಂಪನಿಯಲ್ಲ. ಅದಕ್ಕೆ ಷೇರಿಲ್ಲ, ಬ್ಯಾಲೆನ್ಸ್ ಶೀಟಿಲ್ಲ. ಹಾಗಾಗಿ ಅಲ್ಲಿ ಕಲಿಯುವಂಥದ್ದೇನೂ ಇರಲಾರದು.

ಇದೇ 2024ರಲ್ಲಿ ‘ನಿರ್ಮಲ ತುಂಗಭದ್ರಾ ಅಭಿಯಾನ’ದವರು ಶೃಂಗೇರಿಯಿಂದ ಕಿಷ್ಕಿಂಧೆಯತ್ತ ನಡೆದರು. ನಡೆದವರಿಗೆ ಕೈ ಮುಗಿಯುತ್ತೇನೆ. ಅವರನ್ನು ದಾರಿಯುದ್ದಕ್ಕೂ ಹಾರ ಹಾಕಿ ಬರಮಾಡಿಕೊಂಡ ಅಧಿಕಾರಸ್ಥರಿಗೆ ಒಂದು ಮಾತು: ಪಾದಯಾತ್ರೆ ಮುಂದಿನೂರಿಗೆ ಹೋದ ಮೇಲೆ ನದಿ ಕಾಯಲು ನೀವು ಯಾರನ್ನು ನೇಮಿಸಿದಿರಿ?

ಹಣವಿಲ್ಲ ಎನ್ನಬೇಡಿ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಯೋಜನೆಗೆ ದಶಕಗಳಿಂದ ಸಮೀಕ್ಷೆ, ಸಭೆ, ವರದಿ ನಡೆಯುತ್ತಲೇ ಇವೆ. ಇನ್ನೊಂದು ನದಿಯ ನೀರು ತರಲು ಕೋಟಿಗಳ ಮಾತು. ಈ ನದಿಯಲ್ಲಿರುವ ನೀರು ಕಾಯಲು ಒಂದು ತಿಂಗಳ ಸಂಬಳವಿಲ್ಲ.

ಹೊಸ ಕಾಯ್ದೆಯೂ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಹಳ್ಳ, ಮೀನು, ಗಿಡಮರಗಳ ದಾಖಲಾತಿ ಇರಬೇಕು. ಬಹಳ ಕಡೆ ಸಮಿತಿ ಕಾಗದದಲ್ಲಿದೆ, ಕಾಗದ ಬೀರುವಿನಲ್ಲಿದೆ. ಆ ಬೀರು ತೆಗೆಸಿ. ಪಂಚಾಯಿತಿಗೊಬ್ಬರಂತೆ ಪದವೀಧರರನ್ನು ಸಂಬಳ ಕೊಟ್ಟು ತರಬೇತಿಗೆ ತೆಗೆದುಕೊಳ್ಳಿ. ತರಬೇತಿ ಮುಗಿದ ಮೇಲೆ ಕೈ ಕುಲುಕಿ ಕಳಿಸಬೇಡಿ, ಖಾಲಿ ಕುರ್ಚಿ ತೋರಿಸಿ.

ಓದುಗರೇ, ಮುಂದಿನ ಗ್ರಾಮಸಭೆಗೆ ಹೋಗಿ. ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ನಮ್ಮೂರ ಹಳ್ಳದ ನೀರು ನೋಡಿಕೊಳ್ಳಲು ಸಂಬಳ ಪಡೆಯುತ್ತಿರುವವರು ಯಾರು? ಉತ್ತರ ಬರುವವರೆಗೂ ಕೂರಬೇಡಿ.