ಗವಸಿಗೆ ಬೆರಳ್ಯಾಕ್ರೀ?

ಹಾವೇರಿ ಜಿಲ್ಲೆಯವರು ಕೈಗವಸಿನ ಮಾತೆತ್ತಿದರೆ ಹುಬ್ಬಳ್ಳಿಯವರೂ ನಗುತ್ತಾರೆ. ನಗಲಿ. ಏಪ್ರಿಲ್‌ನಲ್ಲಿ ಸವಣೂರ ಬಸ್‌ಸ್ಟ್ಯಾಂಡಿನ ಕಾದ ಬೆಂಚಿನ ಮೇಲೆ ಕೂತವರಿಗೆ ಗವಸು ಬೇಕೆನಿಸುವುದು ಕೈಗಲ್ಲ, ಒಪ್ಪಿದೆ. ಆದರೆ ಮಾಗಿಯ ನಸುಕಿನಲ್ಲಿ ಹಾನಗಲ್ಲ ಆನಿಕೆರೆ ದಂಡೆಗುಂಟ ಬೈಕ್ ಓಡಿಸಿದವರು ಹ್ಯಾಂಡಲ್ ಬಿಟ್ಟು ಕಂಕುಳಲ್ಲಿ ಕೈ ಇಟ್ಟುಕೊಳ್ಳಲು ಹಾತೊರೆಯುವುದನ್ನು ಹುಬ್ಬಳ್ಳಿಯವರು ನೋಡಿಲ್ಲ.

ಅಂಗಡಿಯಲ್ಲಿ ಸಿಗುವುದಿಲ್ಲವೇ? ಸಿಗುತ್ತದೆ. ಹಾನಗಲ್ಲಿನ ಮಗ್ಗುಲಲ್ಲೇ ಮುಂಡಗೋಡ, ಅಲ್ಲಿ 1966ರಿಂದ ಟಿಬೆಟಿಯನ್ ಕ್ಯಾಂಪು. ಚಳಿಗಾಲ ಬಂತೆಂದರೆ ಊರೂರಿನ ರಸ್ತೆಬದಿಯಲ್ಲಿ ಸ್ವೆಟರ್ ಹರವಿ ಕೂಡುವವರು ಟಿಬೆಟಿನವರೇ. ಅವರೇ ಕೂತು ಹೆಣೆದಿದ್ದಾರೆಂದು ನಂಬಿ ಚೌಕಾಶಿ ಮಾಡಲು ನಾಚುವವರೂ ಇದ್ದಾರೆ. ಆ ಸ್ವೆಟರುಗಳ ತವರು ಹೆಚ್ಚಾಗಿ ಲೂಧಿಯಾನದ ಮಷಿನ್ನು.

ಸಮಸ್ಯೆ ಇರುವುದು ಐದು ಬೆರಳೂ ಮುಚ್ಚುವ ಗವಸಿನಲ್ಲಿ. ಅದನ್ನು ತೊಟ್ಟು ಸವಣೂರ ಖಾರ, ಚುರಮರಿ ಕಲಸಿ ತಿನ್ನಿ ನೋಡೋಣ. ಕಂಡಕ್ಟರಿಗೆ ಚಿಲ್ಲರೆ ಎಣಿಸಿ ಕೊಡಿ. ಹೋಗಲಿ, ಫೋನಿನ ಪರದೆಯನ್ನಾದರೂ ತಿಕ್ಕಿ. ಬೆರಳ ತುದಿ ಬಯಲಿಗೆ ಬೇಕೇ ಬೇಕು.

ಇದು ಹಿರೇಕೆರೂರ ಕಡೆಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾದ ಪಾಠವಲ್ಲ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂದಾಗಿನಿಂದ ‘ಕ್ರಾಸಿಂಗ್’ ಎಂಬುದು ನಮ್ಮ ಸೀಮೆಯ ಮನೆಮಾತು. ಸಂಜೆ ಹತ್ತಿಯ ಮೊಗ್ಗು ಬಿಡಿಸಿ ಗಂಡು ಕೇಸರ ಕೀಳಬೇಕು, ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗ ತಂದು ಸವರಬೇಕು. ಬರೀ ಉಗುರು ಮತ್ತು ಬೆರಳ ತುದಿಯ ಕೆಲಸ. ಹೊಲಕ್ಕೆ ಹೋಗುವಾಗ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ. ತೋಳು ಮುಂಗೈ ದಾಟಿ ಬಂದಿರುತ್ತದೆ, ಬೆರಳು ಹೊರಗೆ. ಇದೇ ಫ್ಯಾಷನ್ನಿಗೆ ಪೇಟೆಯವರು ದುಡ್ಡು ಕೊಡುತ್ತಾರೆ. ಗಂಡನ ಅಂಗಿ ಇಷ್ಟಾದರೂ ಉಪಯೋಗಕ್ಕೆ ಬಂತಲ್ಲ.

ಇನ್ನು ಹೆಣಿಕೆ. ಶಿಗ್ಗಾವಿಯ ನಮ್ಮ ದೊಡ್ಡವ್ವನ ಮುಂದೆ ನಾನು ನಾಲ್ಕೈದು ಸೂಜಿಯಲ್ಲಿ ದುಂಡಗೆ ಹೆಣೆಯಲು ಕೂತಾಗ, “ಏನವಾ ಇದು, ಮುಳ್ಳಹಂದಿ ಹಿಡದೀಯಲ್ಲ! ಎರಡು ಸೂಜಿ ಸಾಕು” ಎಂದಳು. ಅವಳ ಲೆಕ್ಕ ಸರಳ. ಮುಂಗೈಯಿಂದ ಬೆರಳ ಬುಡದವರೆಗೆ ಎಷ್ಟುದ್ದವೋ ಅಷ್ಟು ಮನೆ ಹಾಕು. ಹೋಗುವಾಗಲೂ ಸೀದಾ, ಬರುವಾಗಲೂ ಸೀದಾ. ಅಂಗೈ ಸುತ್ತುವಷ್ಟಾದಾಗ ಮುಚ್ಚು. ಮಡಚಿ ಅಂಚು ಹೊಲಿ, ಹೆಬ್ಬೆರಳಿಗೆ ಎರಡು ಬೆರಳಗಲ ಬಿಡು. ಮುಗೀತು. ಅಡ್ಡಡ್ಡ ಹೆಣೆದದ್ದರಿಂದ ಗೆರೆಗಳು ಕೈಯ ಉದ್ದಕ್ಕೆ ಬೀಳುತ್ತವೆ, ಹಿಗ್ಗುವುದು ಸುತ್ತಳತೆಗೆ. ಹೀಗಾಗಿ ಗವಸು ಕೈಗೆ ಅಂಟಿ ಕೂಡುತ್ತದೆ. ಇನ್ನೂ ಕಿಲಾಡಿತನ ಬೇಕೆಂದರೆ ಮೂಲೆಯಿಂದ ಒಂದೇ ಮನೆಯಲ್ಲಿ ಶುರುಮಾಡಿ ಏರಿಸುತ್ತ ಹೋಗಿ ಇಳಿಸುತ್ತ ಬರಬಹುದು. ಕ್ರೋಶಾ ಕಡ್ಡಿಯವರು ಅಗಲ ಕಡಿಮೆಯ ಉದ್ದ ಪಟ್ಟಿ ಮಾಡಿ, ಕೈಗೆ ಓರೆಯಾಗಿ ಸುತ್ತುತ್ತ ಅಂಚಿಗೆ ಅಂಚು ಕೂಡಿಸಬಹುದು.

ಎಲಿಜಬೆತ್ ಝಿಮ್ಮರ್‌ಮನ್ ಎಂಬಾಕೆ 1968ರಲ್ಲಿ, ನೆಲದ ಮೇಲೆ ಹರವಿದರೆ ಏನೆಂದು ತಿಳಿಯದ, ಮಡಚಿದರೆ ಕೂಸಿನ ಜಾಕೆಟ್ ಆಗುವ ಹೆಣಿಗೆ ತೋರಿಸಿದಾಗ ಹೆಣೆಯುವ ಲೋಕ ಬೆರಗಾಯಿತಂತೆ. ದೊಡ್ಡವ್ವನಿಗೆ ಹೇಳಿದೆ. ಬೆರಗಾಗಲಿಲ್ಲ. “ಕುಂಚಿಗಿ ಮತ್ತೇನು? ಸಪಾಟು ಅರಿವಿ, ಮಡಚಿ ಒಂದು ಕಡೆ ಹೊಲದ್ರ ಕೂಸಿನ ತಲಿಗೆ ಆತು. ಕಂಬಳಿ ಕೊಪ್ಪಿಗೆ ಹೊಲಿಗಿನೂ ಬ್ಯಾಡ.” ಕಂಬಳಿಯ ವಿಷಯದಲ್ಲಿ ಶಿಗ್ಗಾವಿ ತಾಲೂಕಿನವರ ಜೊತೆ ವಾದ ಬೇಡ, ಕನಕದಾಸರ ಬಾಡ ಅಲ್ಲೇ ಇದೆ.

ಸಪಾಟು ಗವಸಿನ ದೊಡ್ಡ ಗುಣ ಎಂದರೆ ಅದಕ್ಕೆ ಎಡ-ಬಲ ಇಲ್ಲ. ದೊಡ್ಡ ದೋಷವೂ ಅದೇ: ಒಂದು ಮುಗಿದೊಡನೆ ಎರಡನೆಯದು ಅದೇ ಆಗಿರುತ್ತದೆಂದು ಗೊತ್ತಾಗಿ, ಹೆಣೆಯುವವರ ಹುರುಪು ಇಳಿಯುತ್ತದೆ. ದೊಡ್ಡವ್ವ ದೊಡ್ಡಪ್ಪನಿಗೆ ಹೆಣೆದದ್ದೂ ಒಂದೇ. ಇನ್ನೊಂದು ಯಾವಾಗ ಎಂದು ಕೇಳಿದೆ.

“ಎದಕ? ಅವರ ಎಡಗೈ ಯಾವಾಗಲೂ ಕಿಸೇದಾಗ ಇರತೈತಿ. ರೊಕ್ಕ ಹೊರಗ ಬರದಂಗ ಕಾಯತೈತಿ.”