ಐವತ್ತೊಂದನೇ ಸೀರೆ

ದೊಡ್ಡಬಳ್ಳಾಪುರದ ನೇಕಾರರಿಗೆ ಕೃತಿಸ್ವಾಮ್ಯದ ಅರಿವಿಲ್ಲ ಎಂಬುದು ನನ್ನಂಥ ತಜ್ಞರ ನಿದ್ದೆಗೆಡಿಸಿರುವ ಸಂಗತಿ. ಅವರು ನವಿಲು ಬರೆಸುತ್ತಾರೆ, ನೇಯುತ್ತಾರೆ, ಮಾರುತ್ತಾರೆ. ಅದೇ ನವಿಲು ಸೂರತ್ತಿನಿಂದ ಕಮ್ಮಿ ರೇಟಿಗೆ ಬಂದು ಚಿಕ್ಕಪೇಟೆಯಲ್ಲಿ ಕೂತರೆ "ಹೊಟ್ಟೆ ಮೇಲೆ ಹೊಡೆದ್ರು ಸಾರ್" ಎನ್ನುತ್ತಾರೆ. ಯಾವ ಸೆಕ್ಷನ್ ಪ್ರಕಾರ ಹೊಡೆದರು ಎಂದು ಕೇಳಿದರೆ ಉತ್ತರವಿಲ್ಲ.

ಅವರ ಅನುಕೂಲಕ್ಕೆ ಸರಳವಾಗಿ ಹೇಳುತ್ತೇನೆ. ಕಾಗದದ ಮೇಲೆ ನವಿಲು ಮೂಡಿದ ಕ್ಷಣವೇ, ಯಾರಿಗೂ ಅರ್ಜಿ ಹಾಕದೆ, 1957ರ ಕೃತಿಸ್ವಾಮ್ಯ ಕಾಯ್ದೆ ಬರೆದವನ ಕೈ ಹಿಡಿಯುತ್ತದೆ. ಅವನು ಸತ್ತ ಮೇಲೂ 60 ವರ್ಷ ಬಿಡುವುದಿಲ್ಲ. ಇಷ್ಟು ನಿಷ್ಠೆಯನ್ನು ನಾನು ಬಂಧುಬಳಗದಲ್ಲಿ ಕಂಡಿಲ್ಲ. ಒಂದೇ ಒಂದು ಚಿಕ್ಕ ಷರತ್ತು, 15ನೇ ಸೆಕ್ಷನ್: ವಿನ್ಯಾಸವೆಂದು ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ನವಿಲನ್ನು ಯಂತ್ರದ ಮೇಲೆ 50ಕ್ಕಿಂತ ಹೆಚ್ಚು ಸಲ ತೆಗೆದರೆ ಆ ಹಕ್ಕು ಅಲ್ಲಿಗೆ ಮುಗಿಯಿತು. ಮಗ್ಗಕ್ಕೆ ದಿನಕ್ಕೊಂದೇ ಸೀರೆ ಎಂದು ಹಿಡಿದರೂ ನಾಲ್ಕು ಮಗ್ಗದ ಮನೆಯಲ್ಲಿ ಇದು ಹದಿಮೂರನೇ ದಿನ. ವೈಕುಂಠ ಸಮಾರಾಧನೆಯ ದಿನವೂ ಅದೇ ಆದ್ದರಿಂದ ಲೆಕ್ಕ ಮರೆಯುವ ಭಯವಿಲ್ಲ.

ಹಾಗಾಗಿ, ಐವತ್ತಕ್ಕೆ ಮಗ್ಗ ನಿಲ್ಲಿಸಿ. ಫ್ಯಾಷನ್ ವಿನ್ಯಾಸಕ ತರುಣ್ ತಹಿಲಿಯಾನಿಯವರ ಸಂಸ್ಥೆಗೆ 2008ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಅನುಕೂಲವಾದದ್ದೇ ದಾವೆಯಲ್ಲಿದ್ದ ಬಟ್ಟೆಗಳ ಸಂಖ್ಯೆ ಐವತ್ತು ಮುಟ್ಟದಿದ್ದದ್ದರಿಂದ. ಅವರಿಂದ ಆದದ್ದು ನಿಮ್ಮಿಂದ ಏಕಾಗದು? ಸೀರೆಯ ಬೆಲೆಯನ್ನು ಅವರಷ್ಟೇ ಇಟ್ಟರಾಯಿತು.

ಇದು ಒಗ್ಗದವರು 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದು. 10 ವರ್ಷ ರಕ್ಷಣೆ, ಮೇಲೆ ಇನ್ನೂ 5. ಅರ್ಜಿಗೆ ಮೊದಲು ವಿನ್ಯಾಸ ಎಲ್ಲೂ ಬಹಿರಂಗವಾಗಿರಬಾರದು, ಅಷ್ಟೇ. ಅಂಗಡಿಯವರಿಗೆ ತೋರಿಸದೆ ಯಾವ ಡಿಸೈನ್ ಓಡುತ್ತದೆಂದು ತಿಳಿಯುವುದು ಹೇಗೆ ಎಂದು ಕೆಲವರು ತಗಾದೆ ತೆಗೆದರು. ಅದು ವ್ಯಾಪಾರದ ಪ್ರಶ್ನೆ, ನನ್ನ ವಿಷಯವಲ್ಲ. ಕದ್ದವನ ಮೇಲೆ ಪರಿಹಾರದ ದಾವೆ ಬೇಡವೆಂದರೆ ನೇರವಾಗಿ ಸಾಲದಂತೆ ವಸೂಲು ಮಾಡಿಕೊಳ್ಳಬಹುದು, ಒಂದು ವಿನ್ಯಾಸಕ್ಕೆ ಹೆಚ್ಚೆಂದರೆ 50,000 ರೂಪಾಯಿ. ಕಳ್ಳನ ಕಷ್ಟಸುಖವನ್ನೂ ವಿಚಾರಿಸುವ ಕಾಯ್ದೆ ಇದು.

ಇನ್ನು ಪುರಾವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಬೇಕು. ಫೈಲಿನ ಬೆರಳಚ್ಚು ಎನ್ನಿ. ಒಂದು ಚುಕ್ಕೆ ಬದಲಾದರೂ ಇಡೀ ಹ್ಯಾಶ್ ಬದಲಾಗುತ್ತದೆ. ಇದನ್ನು ತೋರಿಸಿಕೊಡಲು ಒಬ್ಬ ನೇಕಾರರ ಮನೆಗೇ ಹೋದೆ. ಮಗ್ಗದ ಸದ್ದಿನಲ್ಲಿ ನನ್ನ ಉಪನ್ಯಾಸ ಯಾರಿಗೂ ಕೇಳಿಸಲಿಲ್ಲವಾದರೂ ಪೆನ್‌ಡ್ರೈವಿನ ನವಿಲಿಗೆ 64 ಅಕ್ಷರದ ಹ್ಯಾಶ್ ತೆಗೆದುಕೊಟ್ಟೆ. ಅದೇ ನವಿಲನ್ನು ಅವರು ವಾಟ್ಸಾಪಿನಲ್ಲಿ ಕಳಿಸಿದ್ದ ಚಿತ್ರಕ್ಕೆ ಬೇರೆಯೇ ಹ್ಯಾಶ್ ಬಂತು. ದಾರಿಯಲ್ಲಿ ವಾಟ್ಸಾಪು ಅದನ್ನು ಕುಗ್ಗಿಸಿತ್ತು. ವೈಜ್ಞಾನಿಕವಾಗಿ ಅದು ಅವರ ನವಿಲೇ ಅಲ್ಲ ಎಂದು ವಿವರಿಸಿದೆ.

"ಈ ಡಿಸೈನಿನಲ್ಲಿ ಐವತ್ತು ದಾಟಿದೆಯೇ?"

"ನಮ್ಮಪ್ಪನ ಕಾಲದ್ದು ಸಾರ್."

ಅಷ್ಟರಲ್ಲಿ ಮನೆಯಾಕೆ ಬೀರುವಿನಿಂದ ಒಂದು ಸೂರತ್ ಸೀರೆ ತಂದು ಚಾಪೆಯ ಮೇಲೆ ಹಾಸಿದರು. ಯಾವುದೋ ಮದುವೆಯಲ್ಲಿ ಮುಯ್ಯಿಗೆ ಬಂದದ್ದಂತೆ. ನೇಕಾರರು ಬಗ್ಗಿ ಸೆರಗಿನ ನವಿಲನ್ನು ತೋರಿಸಿದರು. "ನೋಡಿ ಸಾರ್, ಎಡಗಾಲಲ್ಲಿ ಒಂದು ಬೆರಳಿಲ್ಲ. ಅಪ್ಪ ಜಕಾರ್ಡಿನ ಕಾರ್ಡಿಗೆ ತೂತು ಹೊಡೆಯುವಾಗ ಒಂದು ಬಿಟ್ಟುಬಿಟ್ಟಿದ್ರು. ಕಂಪ್ಯೂಟರಿಗೆ ಹಾಕಿಸುವಾಗಲೂ ನಾವು ತಿದ್ದಲಿಲ್ಲ. ಸೂರತ್ತಿನವನಿಗೂ ಆ ಬೆರಳು ಬಿಟ್ಟುಹೋಗಿದೆ!"

ಬೆರಳಿಲ್ಲದ್ದಕ್ಕೆ ಪ್ರಮಾಣಪತ್ರವಿದೆಯೇ ಎಂದು ಕೇಳಿದೆ. ಇರಲಿಲ್ಲ. ಇಂಥ ನೇಯ್ಗೆದೋಷವಿರುವ ಕಡತವನ್ನು ಪುರಾವೆ ಎಂದು ಒಯ್ದರೆ ನನ್ನ ಹೆಸರಿಗೇ ಕುಂದು. ಡಿಸೈನ್ ಬರೆಯುವ ಹುಡುಗನನ್ನು ಕರೆಸಿ ಅಲ್ಲೇ ತಿದ್ದಿಸಿದೆ, ಗೊಂದಲವಾಗದಿರಲೆಂದು ಹಳೇ ಫೈಲನ್ನೂ ಅಳಿಸಿಸಿದೆ. ಈಗ ಅವರ ನವಿಲಿಗೆ ಬೆರಳುಗಳು ಪೂರ್ತಿ ಇವೆ, ಹ್ಯಾಶೂ ಹೊಸದು. ನನ್ನ ಫೀಸು ಮಾತ್ರ ಇನ್ನೂ ಬಂದಿಲ್ಲ.